ಇಂಗ್ಲಿಷ್ ಚಾನೆಲ್ ಸಹಾಯಾರ್ಥ ರಿಲೇ ಈಜು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಇಂಗ್ಲಿಷ್ ಚಾನೆಲ್ ಕಡಲನ್ನು ಸರದಿಯಲ್ಲಿ ಈಜಿ ದಾಟುವ ರಿಲೇ ತಂಡದಲ್ಲಿ ನಾನು ಎರಡು ಸಲ ಇದ್ದೆ. ಮೊದಲನೇ ಸಲ ದಡ ಮುಟ್ಟಲಿಲ್ಲ, ಎರಡನೇ ಸಲ ಮುಟ್ಟಿದೆವು. ಎರಡು ಸಲವೂ ಬೆಂಗಳೂರಿನ ಒಂದು ಹಾಸ್ಪೈಸ್‌ಗಾಗಿ, ಅಂದರೆ ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಮನೆಗಾಗಿ, ದುಡ್ಡು ಕೂಡಿಸಿದೆವು. ನಮ್ಮಪ್ಪ ಕೊನೆಯ ಹತ್ತೊಂಬತ್ತು ದಿನ ಅಲ್ಲಿದ್ದರು. ಆಮೇಲೆ ಇಂಗ್ಲೆಂಡಿನಲ್ಲಿರುವ ಕನ್ನಡಿಗರು, ಊರಿನ ನೆಂಟರು, ಗೆಳತಿಯರ ಮಕ್ಕಳು ಎಲ್ಲರೂ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳುತ್ತಾರೆ. ಹಾಗಾಗಿ ಉತ್ತರಗಳನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಚಾನೆಲ್ ಎಷ್ಟು ದೂರ?

ಇಂಗ್ಲೆಂಡಿನ ಡೋವರ್ ಹತ್ತಿರದಿಂದ ಫ್ರಾನ್ಸಿನ ಕ್ಯಾಪ್ ಗ್ರಿ ನೇ ಎಂಬ ಭೂಶಿರದವರೆಗೆ, ನೇರ ಗೆರೆ ಎಳೆದರೆ ಸುಮಾರು 33 ಕಿಲೋಮೀಟರ್. ಆದರೆ ಯಾರೂ ನೇರ ಗೆರೆಯಲ್ಲಿ ಈಜುವುದಿಲ್ಲ. ಸುಮಾರು ಆರು ಗಂಟೆಗೊಮ್ಮೆ ಸಮುದ್ರದ ಸೆಳೆತ ದಿಕ್ಕು ಬದಲಿಸುತ್ತದೆ. ಒಮ್ಮೆ ಎಡಕ್ಕೆ ತಳ್ಳುತ್ತದೆ, ಆಮೇಲೆ ಬಲಕ್ಕೆ. ಈಜಿ ಮುಗಿಸಿದವರ ನಕ್ಷೆ ನೋಡಿದರೆ ಹಾವು ಹರಿದಂತೆ ಕಾಣುತ್ತದೆ.

ಇದನ್ನು ಮೊದಲು ಈಜಿದವರು ಮ್ಯಾಥ್ಯೂ ವೆಬ್, 1875ರಲ್ಲಿ. ಅವರಿಗೆ 21 ಗಂಟೆ 45 ನಿಮಿಷ ಹಿಡಿಯಿತು. ನಮ್ಮ ದೇಶದಿಂದ ಮಿಹಿರ್ ಸೇನ್ 1958ರಲ್ಲಿ ದಾಟಿದರು, ಮರುವರ್ಷವೇ ಆರತಿ ಸಾಹಾ. ಆರತಿ ಈ ಕಡಲು ದಾಟಿದ ಏಷ್ಯಾದ ಮೊದಲ ಹೆಣ್ಣುಮಗಳು. ನನ್ನ ಮೇಜಿನ ಮೇಲೆ ಅವರ ಫೋಟೋ ಇದೆ.

ರಿಲೇ ಹೇಗೆ ನಡೆಯುತ್ತದೆ?

ಸಾಮಾನ್ಯವಾಗಿ ಆರು ಜನರ ತಂಡ. ಒಬ್ಬೊಬ್ಬರು ಒಂದು ಗಂಟೆ ಈಜಬೇಕು. ಮಿಕ್ಕ ಐದು ಜನ ಪಕ್ಕದ ದೋಣಿಯಲ್ಲಿರುತ್ತಾರೆ. ಗಂಟೆ ಮುಗಿದಾಗ ಮುಂದಿನವರು ಹಿಂದಿನಿಂದ ನೀರಿಗಿಳಿದು, ಈಜುತ್ತಿರುವವರನ್ನು ದಾಟಿ ಹೋಗಬೇಕು. ಆಗ ಮೊದಲಿನವರು ದೋಣಿ ಹತ್ತಬಹುದು. ಆರೂ ಜನರದ್ದು ಮುಗಿದ ಮೇಲೆ ಮತ್ತೆ ಮೊದಲನೆಯವರಿಂದ ಶುರು.

ಸರದಿ ಬದಲಿಸುವಂತಿಲ್ಲ. ಒಬ್ಬರ ಬದಲು ಇನ್ನೊಬ್ಬರು ಇಳಿಯುವಂತಿಲ್ಲ. ಒಬ್ಬರಿಗೆ ಆಗದಿದ್ದರೆ ಆರೂ ಜನರ ಈಜು ಅಲ್ಲಿಗೇ ಮುಗಿಯಿತು. ಇದನ್ನು ತಂಡ ಸೇರುವ ಮೊದಲೇ ಚೆನ್ನಾಗಿ ಯೋಚಿಸಿ.

ಈಜುವಾಗ ದೋಣಿಯನ್ನಾಗಲಿ ಬೇರೆಯವರನ್ನಾಗಲಿ ಮುಟ್ಟುವ ಹಾಗಿಲ್ಲ. ದೋಣಿಯಲ್ಲಿ ವೀಕ್ಷಕರೊಬ್ಬರು ಕೂತು ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಈ ಈಜಿಗೆ ಮಾನ್ಯತೆ ಕೊಡುವ ಸಂಸ್ಥೆಗಳು ಎರಡು. ಒಂದು, 1927ರಲ್ಲಿ ಶುರುವಾದ ಚಾನೆಲ್ ಸ್ವಿಮ್ಮಿಂಗ್ ಅಸೋಸಿಯೇಷನ್. ಇನ್ನೊಂದು, ಚಾನೆಲ್ ಸ್ವಿಮ್ಮಿಂಗ್ ಅಂಡ್ ಪೈಲಟಿಂಗ್ ಫೆಡರೇಷನ್. ಇವುಗಳಲ್ಲಿ ನೋಂದಾಯಿಸಿದ ಪೈಲಟ್‌ಗಳ, ಅಂದರೆ ದೋಣಿ ನಡೆಸುವವರ, ದೋಣಿಯಲ್ಲೇ ಹೋಗಬೇಕು. ಒಳ್ಳೆಯ ಪೈಲಟ್ ಸಿಗಲು ಎರಡು ವರ್ಷ ಮೊದಲೇ ಕಾಯ್ದಿರಿಸಬೇಕಾಗುತ್ತದೆ.

ನಾನು ಊರಿನ ಬಾವಿಯಲ್ಲಿ ಈಜು ಕಲಿತವಳು. ಅದು ಸಾಕಾಗುತ್ತಾ?

ನಾನೂ ಅಷ್ಟೇ. ತೋಟದ ಬಾವಿಯಲ್ಲಿ ಅಪ್ಪ ಬೆನ್ನಿಗೆ ಬೆಂಡು ಕಟ್ಟಿ ತಳ್ಳಿದ್ದರು. ಬಾವಿ ಒಂದು ದೊಡ್ಡ ಉಪಕಾರ ಮಾಡುತ್ತದೆ, ಆಳದ ಭಯ ತೆಗೆಯುತ್ತದೆ. ಕಾಲಿಗೆ ನೆಲ ಸಿಗದಿದ್ದರೂ ಗಾಬರಿಯಾಗುವುದಿಲ್ಲ. ಆದರೆ ಬಾವಿಯಲ್ಲಿ ತಲೆ ಮೇಲೆತ್ತಿ ಈಜುವ ಅಭ್ಯಾಸ ಬಂದಿರುತ್ತದೆ. ಸಮುದ್ರದಲ್ಲಿ ಹಾಗೆ ಈಜಿದರೆ ಅರ್ಧ ಗಂಟೆಗೇ ಕತ್ತು ಸೋಲುತ್ತದೆ.

ಮುಖ ನೀರೊಳಗಿಟ್ಟು, ಎರಡೂ ಕಡೆ ಉಸಿರು ತೆಗೆದುಕೊಳ್ಳುವುದನ್ನು ಕಲಿಯಿರಿ. ಒಂದು ಕಡೆಯಿಂದ ಅಲೆ ಹೊಡೆಯುತ್ತಿದ್ದರೆ ಇನ್ನೊಂದು ಕಡೆ ಉಸಿರಾಡಲು ಬರಲೇಬೇಕು. ನಿಲ್ಲದೆ ಎರಡು ಗಂಟೆ ಈಜಲು ಬಂದರೆ ರಿಲೇ ಬಗ್ಗೆ ಯೋಚಿಸಬಹುದು. ವೇಗ ಅಷ್ಟು ಮುಖ್ಯವಲ್ಲ. ಮೊದಲನೇ ನಿಮಿಷದ ವೇಗ ಅರವತ್ತನೇ ನಿಮಿಷದಲ್ಲೂ ಇದೆಯಾ ಅನ್ನುವುದು ಮುಖ್ಯ.

ವೆಟ್‌ಸೂಟ್ ಹಾಕಬಹುದಾ?

ವೆಟ್‌ಸೂಟ್ ಅಂದರೆ ಚಳಿ ತಡೆಯುವ ರಬ್ಬರಿನಂಥ ಈಜುಡುಗೆ. ಚಾನೆಲ್‌ನಲ್ಲಿ ಅದನ್ನು ಹಾಕಿ ಈಜಿದರೆ ಮಾನ್ಯ ದಾಖಲೆಯ ಪಟ್ಟಿಗೆ ಸೇರುವುದಿಲ್ಲ. ತೋಳು, ಕಾಲು ಮುಚ್ಚದ ಸಾದಾ ಈಜುಡುಗೆ, ಒಂದು ಟೋಪಿ, ಕನ್ನಡಕ. ಇಷ್ಟೇ. ಕಂಕುಳು, ಕತ್ತು, ಪಟ್ಟಿ ಉಜ್ಜುವ ಜಾಗಕ್ಕೆ ವ್ಯಾಸಲೀನ್ ಹಚ್ಚಿಕೊಳ್ಳಿ. ಉಪ್ಪುನೀರಿನಲ್ಲಿ ಚರ್ಮ ಉಜ್ಜಿ ಕಿತ್ತುಬರುತ್ತದೆ. ಮೈಗೆ ಕೊಬ್ಬು ಬಳಿದುಕೊಂಡರೆ ಚಳಿ ತಡೆಯುತ್ತದೆ ಅನ್ನುವುದು ಹಳೇ ನಂಬಿಕೆ, ಅದನ್ನು ನೆಚ್ಚಬೇಡಿ.

ಇಂಥ ಉಡುಗೆ ತೊಡಲು ಮುಜುಗರ ಅನ್ನುವ ಹೆಣ್ಣುಮಕ್ಕಳು ಎಷ್ಟೋ ಜನ ನನಗೆ ಬರೆಯುತ್ತಾರೆ. ಆ ಮುಜುಗರ ತಪ್ಪಲ್ಲ. ಕೆರೆಗಳಲ್ಲಿ ನಡೆಯುವ ಸಹಾಯಾರ್ಥ ಈಜುಗಳಲ್ಲಿ ಮೈತುಂಬ ವೆಟ್‌ಸೂಟ್ ಹಾಕಿಕೊಳ್ಳಬಹುದು. ಅದರ ವಿಷಯ ಕೆಳಗೆ ಬರೆದಿದ್ದೇನೆ.

ಚಳಿ ಎಷ್ಟಿರುತ್ತೆ? ನಮ್ಮಂಥವರಿಗೆ ತಡೆಯೋಕಾಗುತ್ತಾ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದೇ. ಈಜುಕೊಳದ ನೀರು ಸುಮಾರು 28 ಡಿಗ್ರಿ. ಡೋವರ್ ಸಮುದ್ರ ಮೇ ತಿಂಗಳಲ್ಲಿ 10–11 ಡಿಗ್ರಿ, ಆಗಸ್ಟ್ ಕೊನೆಗೆ 17–18. ನಮ್ಮ ಮಲೆನಾಡಿನ ಹೊಳೆ ಡಿಸೆಂಬರ್ ಬೆಳಗಿನಲ್ಲೂ ಇಷ್ಟು ತಣ್ಣಗಿರುವುದಿಲ್ಲ.

ಮೊದಲ ಎರಡು ನಿಮಿಷ ತುಂಬ ಕಷ್ಟ. ತಣ್ಣೀರು ತಾಗಿದ ಕೂಡಲೇ ಎದೆ ಬಿಗಿಯುತ್ತದೆ, ಉಸಿರು ತಾನಾಗಿಯೇ ಒಳಗೆ ಎಳೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಮುಖ ನೀರೊಳಗಿದ್ದರೆ ನೀರು ಕುಡಿಯುತ್ತೀರಿ. ತಣ್ಣೀರಿನಲ್ಲಿ ಎಷ್ಟೋ ಜನ ಮುಳುಗುವುದು ಈ ಮೊದಲ ನಿಮಿಷಗಳಲ್ಲೇ. ಆದ್ದರಿಂದ ಅಭ್ಯಾಸಕ್ಕೆ ಹೋದಾಗ ನಿಧಾನಕ್ಕೆ ಇಳಿಯಿರಿ, ತಲೆ ಮೇಲಿಟ್ಟುಕೊಂಡು ಉಸಿರನ್ನು ಉದ್ದಕ್ಕೆ ಬಿಡಿ. ಉಸಿರು ಹದಕ್ಕೆ ಬರುವವರೆಗೆ ಈಜು ಶುರು ಮಾಡಬೇಡಿ.

ದೇಹಕ್ಕೆ ಇದು ರೂಢಿಯಾಗುತ್ತದೆ, ಖಂಡಿತ ಆಗುತ್ತದೆ. ಮೇ ತಿಂಗಳಲ್ಲಿ ನಾನು ಹತ್ತು ನಿಮಿಷಕ್ಕೆ ಆಚೆ ಬಂದು ಅತ್ತಿದ್ದೆ. ಜುಲೈ ಹೊತ್ತಿಗೆ ಅದೇ ಬಂದರಿನಲ್ಲಿ ಎರಡು ಗಂಟೆ ಇದ್ದೆ. ಇದಕ್ಕೆ ಅಡ್ಡದಾರಿ ಇಲ್ಲ. ವಾರವಾರ ಹೋಗಬೇಕು, ಐದೈದು ನಿಮಿಷ ಹೆಚ್ಚಿಸಬೇಕು.

ಆಚೆ ಬಂದ ಮೇಲೆ ಇನ್ನೊಂದು ಅಪಾಯ ಇದೆ. ನೀರಿನಿಂದ ಎದ್ದ ಹತ್ತು ನಿಮಿಷಕ್ಕೆ ಮೈ ಇನ್ನೂ ತಣ್ಣಗಾಗುತ್ತದೆ. ಎದ್ದ ತಕ್ಷಣ ‘ನಾನು ಚೆನ್ನಾಗಿದ್ದೀನಿ’ ಅನ್ನಿಸುತ್ತದೆ, ನಂಬಬೇಡಿ. ಮೊದಲು ಒದ್ದೆ ಬಟ್ಟೆ ತೆಗೆದು ಒಣಗಿದ್ದು ಹಾಕಿ. ಉಣ್ಣೆ ಟೋಪಿ, ಎರಡು ಸ್ವೆಟರ್, ಕಾಲುಚೀಲ. ಬೆಚ್ಚಗಿನ ಸಿಹಿ ಪಾನೀಯ ಗುಟುಕು ಗುಟುಕಾಗಿ ಕುಡಿಯಿರಿ. ಬಿಸಿನೀರಿನ ಸ್ನಾನಕ್ಕೆ ಓಡಬೇಡಿ, ತಲೆ ಸುತ್ತಿ ಬೀಳಬಹುದು.

ಜೊತೆಯವರಲ್ಲಿ ಯಾರಾದರೂ ಮಾತು ತೊದಲಿದರೆ, ಕೈ ಬೀಸುವುದು ನಿಧಾನವಾದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ ಅವರನ್ನು ಕೂಡಲೇ ಮೇಲೆತ್ತಬೇಕು. ಈಜುವಾಗ ವಿಪರೀತ ಏದುಸಿರು, ಕೆಮ್ಮು, ನೊರೆ ಅಥವಾ ರಕ್ತದ ಬಣ್ಣದ ಕಫ ಬಂದರೂ ಅಷ್ಟೇ. ಅದು ಸುಸ್ತಲ್ಲ, ಶ್ವಾಸಕೋಶಕ್ಕೆ ನೀರು ತುಂಬುತ್ತಿರುವ ಲಕ್ಷಣ ಇರಬಹುದು. ತಕ್ಷಣ ಆಸ್ಪತ್ರೆ.

ಅರ್ಹತಾ ಪರೀಕ್ಷೆ ಇದೆಯಾ?

ಇದೆ. ಒಬ್ಬರೇ ದಾಟುವವರು 16 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿನ ನೀರಿನಲ್ಲಿ ಆರು ಗಂಟೆ ಈಜಿ ತೋರಿಸಬೇಕು. ರಿಲೇಗೆ ಇದಕ್ಕಿಂತ ತುಂಬ ಕಡಿಮೆ. ನಿಮ್ಮ ಸಂಸ್ಥೆಯ ಆ ವರ್ಷದ ನಿಯಮ ಓದಿಕೊಳ್ಳಿ. ವೈದ್ಯರ ಸಹಿಯಿರುವ ಆರೋಗ್ಯದ ಫಾರಂ ಕೂಡ ಬೇಕು. ರಕ್ತದೊತ್ತಡ, ಆಸ್ತಮಾ, ಹೃದಯದ ತೊಂದರೆ ಯಾವುದನ್ನೂ ಮುಚ್ಚಿಡಬೇಡಿ.

ಬೆಂಗಳೂರಿನಲ್ಲಿದ್ದುಕೊಂಡು ತಯಾರಿ ಮಾಡಬಹುದಾ?

ಈಜಿನ ತಯಾರಿ ಮಾಡಬಹುದು. ಬಸವನಗುಡಿಯ ಈಜುಕೊಳದಂಥ ಕಡೆ ಒಳ್ಳೆಯ ತರಬೇತಿ ಸಿಗುತ್ತದೆ. ಚಳಿಯ ತಯಾರಿ ಕಷ್ಟ. ಅರಬ್ಬಿ ಸಮುದ್ರದ ನೀರು ಬೆಚ್ಚಗಿರುತ್ತದೆ. ಅಲೆ, ಉಪ್ಪು ರೂಢಿಯಾಗಲು ಮಲ್ಪೆ, ಕಾರವಾರ ಸರಿ, ಚಳಿಗೆ ಅಲ್ಲ. ಭಾರತದಿಂದ ಬರುವವರು ಕೆಲವು ವಾರ ಮೊದಲೇ ಬಂದು ಡೋವರ್ ಬಂದರಿನಲ್ಲಿ ಅಭ್ಯಾಸ ಮಾಡುತ್ತಾರೆ. ರಜೆ ಅದಕ್ಕೆ ತಕ್ಕಂತೆ ಹಾಕಿ.

ಬೆಚ್ಚನೆ ನೀರಿನ ದೊಡ್ಡ ಈಜು ಬೇಕು ಅನ್ನುವವರಿಗೆ ನಮ್ಮಲ್ಲೇ ಪಾಕ್ ಜಲಸಂಧಿ ಇದೆ. ಶ್ರೀಲಂಕಾದ ತಲೈಮನ್ನಾರ್‌ನಿಂದ ಧನುಷ್ಕೋಡಿಗೆ. ಮಿಹಿರ್ ಸೇನ್ 1966ರಲ್ಲಿ ಅದನ್ನೂ ದಾಟಿದ್ದರು.

ಒಂದು ಮಾತು ಮನಸಾರೆ ಕೇಳಿಕೊಳ್ಳುತ್ತೇನೆ. ಅಭ್ಯಾಸಕ್ಕೆ ಅಂತ ಕಲ್ಲು ಕ್ವಾರಿಗೆ, ಅಣೆಕಟ್ಟಿನ ಹಿನ್ನೀರಿಗೆ, ಗೊತ್ತಿಲ್ಲದ ಕೆರೆಗೆ ಇಳಿಯಬೇಡಿ. ಒಂಟಿಯಾಗಿ ಎಲ್ಲಿಗೂ ಇಳಿಯಬೇಡಿ. ಈಜು ಚೆನ್ನಾಗಿ ಬರುತ್ತಿದ್ದ ಹುಡುಗರೇ ಕ್ವಾರಿಗಳಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ.

ಈಜುವ ದಿನ ಯಾರು ಗೊತ್ತು ಮಾಡ್ತಾರೆ?

ಚಂದ್ರ, ಗಾಳಿ ಮತ್ತು ಪೈಲಟ್. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಇಳಿತ ಜೋರು. ಅಷ್ಟಮಿ ಕಳೆದ ಒಂದೆರಡು ದಿನಕ್ಕೆ ಸೆಳೆತ ಮೆತ್ತಗಾಗುತ್ತದೆ. ಹೆಚ್ಚಿನ ಈಜುಗಳು ಈ ಮೆತ್ತಗಿನ ವಾರಗಳಲ್ಲೇ ನಡೆಯುವುದು. ನಮ್ಮಮ್ಮ ಪಂಚಾಂಗ ನೋಡಿ ನನ್ನ ವಾರವನ್ನು ಸರಿಯಾಗಿ ಹೇಳಿದ್ದರು.

ನಿಮಗೆ ಸಿಗುವುದು ಒಂದು ದಿನಾಂಕ ಅಲ್ಲ, ಸುಮಾರು ಒಂದು ವಾರದ ಅವಧಿ. ಅದರಲ್ಲಿ ಗಾಳಿ ತಗ್ಗಿದಾಗ ಪೈಲಟ್ ಫೋನ್ ಮಾಡುತ್ತಾರೆ. ರಾತ್ರಿ ಹನ್ನೊಂದಕ್ಕೆ ಕರೆ ಬಂದು, ಒಂದು ಗಂಟೆಗೆ ದೋಣಿ ಹೊರಡಬಹುದು. ವಾರಪೂರ್ತಿ ಕಾದು ವಾಪಸ್ ಹೋದ ತಂಡಗಳೂ ಇವೆ. ಪೈಲಟ್ ಬೇಡ ಅಂದರೆ ಬೇಡ. ಅವರ ಜೊತೆ ವಾದ ಮಾಡಬೇಡಿ.

ಹಡಗು, ಕತ್ತಲು, ಜೆಲ್ಲಿ ಮೀನು?

ಇದು ಜಗತ್ತಿನಲ್ಲೇ ಹೆಚ್ಚು ಹಡಗು ಓಡಾಡುವ ಜಾಗಗಳಲ್ಲೊಂದು. ದಿನಕ್ಕೆ 400ಕ್ಕೂ ಹೆಚ್ಚು. ಇಂಗ್ಲೆಂಡಿನ ಕಡೆ ಒಂದು ದಾರಿ, ಫ್ರಾನ್ಸಿನ ಕಡೆ ವಿರುದ್ಧ ದಿಕ್ಕಿನ ಇನ್ನೊಂದು ದಾರಿ. ದೋಣಿಯವರು ಕರಾವಳಿ ಪಡೆಯ ಜೊತೆ ರೇಡಿಯೋದಲ್ಲಿ ಮಾತಾಡುತ್ತಲೇ ಇರುತ್ತಾರೆ. ಅದು ಅವರ ಕೆಲಸ, ನಿಮ್ಮ ಕೆಲಸ ಕೈ ಬೀಸುವುದು. ಎರಡು ದಾರಿಗಳ ನಡುವಿನ ಜಾಗದಲ್ಲಿ ಕಡಲಕಳೆ, ಜೆಲ್ಲಿ ಮೀನು ಜಾಸ್ತಿ. ಕುಟುಕಿದರೆ ಉರಿಯುತ್ತದೆ. ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಅಲರ್ಜಿ ಇರುವವರು ಮಾತ್ರ ಮೊದಲೇ ವೈದ್ಯರನ್ನು ಕೇಳಿ.

ಕತ್ತಲಲ್ಲಿ ಈಜುಡುಗೆಗೆ, ಕನ್ನಡಕದ ಪಟ್ಟಿಗೆ ಸಣ್ಣ ದೀಪ ಸಿಕ್ಕಿಸುತ್ತಾರೆ. ಎರಡನೇ ಸಲ ನನ್ನ ಮೊದಲ ಸರದಿ ರಾತ್ರಿ ಎರಡರಿಂದ ಮೂರು. ಕೆಳಗೆ ಕಪ್ಪು, ಮೇಲೆ ಕಪ್ಪು, ಪಕ್ಕದಲ್ಲಿ ದೋಣಿಯ ಬೆಳಕು. ಭಯವಾಗಲಿಲ್ಲ. ರಾತ್ರಿ ಅಭ್ಯಾಸ ಎರಡು ಸಲ ಮಾಡಿದ್ದೆವು, ಅದರ ಫಲ.

ದೋಣಿಯಲ್ಲಿ ವಾಂತಿ ಬಂದರೆ?

ರಿಲೇ ತಂಡಗಳನ್ನು ಸೋಲಿಸುವುದರಲ್ಲಿ ಚಳಿಯಷ್ಟೇ ಪಾಲು ಇದಕ್ಕೂ ಇದೆ. ಒಂದು ಗಂಟೆ ಈಜಿ, ಐದು ಗಂಟೆ ತೂಗಾಡುವ ಸಣ್ಣ ದೋಣಿಯಲ್ಲಿ ಡೀಸೆಲ್ ವಾಸನೆ ಕುಡಿಯುತ್ತ ಕೂರಬೇಕು.

ನಮ್ಮ ಮೊದಲ ಪ್ರಯತ್ನ ನಿಂತದ್ದು ನನ್ನಿಂದ. ಮೊದಲ ಸರದಿ ಚೆನ್ನಾಗಿ ಈಜಿದೆ. ಆಮೇಲೆ ವಾಂತಿ ಶುರುವಾಯಿತು. ಕುಡಿದದ್ದು ಏನೂ ನಿಲ್ಲಲಿಲ್ಲ. ಹೊಟ್ಟೆಯಲ್ಲಿ ಏನೂ ಇಲ್ಲದೆ ಮೈ ಬೆಚ್ಚಗಾಗಲೂ ಇಲ್ಲ. ಎಂಟನೇ ಗಂಟೆಗೆ ನನ್ನ ಎರಡನೇ ಸರದಿ ಬಂದಾಗ ನಡುಗುತ್ತಿದ್ದೆ. ವೀಕ್ಷಕರು ನನ್ನ ಹುಟ್ಟಿದ ದಿನ ಕೇಳಿದರು. ಹೇಳಲು ಆಗಲಿಲ್ಲ. ಇಳಿಸಲಿಲ್ಲ. ಫ್ರಾನ್ಸಿನ ದಡ ಕಣ್ಣಿಗೆ ಕಾಣುತ್ತಿತ್ತು. ಐದು ಜನರ ಎರಡು ವರ್ಷದ ಶ್ರಮ ನನ್ನ ಪಕ್ಕದಲ್ಲಿ ಸುಮ್ನೆ ಕೂತಿತ್ತು. ತಂಡದ ಹಿರಿಯರೊಬ್ಬರು ನನ್ನ ಕಾಲಿಗೆ ಬಿಸಿನೀರಿನ ಬ್ಯಾಗ್ ಇಟ್ಟು, ‘ನೀನು ಬದುಕಿದ್ದೀಯಲ್ಲ, ಬಿಡಮ್ಮ’ ಅಂದರು.

ಕಲಿತದ್ದು ಇಷ್ಟು. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ, ದೋಣಿ ಹತ್ತುವುದಕ್ಕೆ ಸಾಕಷ್ಟು ಮೊದಲೇ ತೆಗೆದುಕೊಳ್ಳಬೇಕು. ಕೆಲವು ಮಾತ್ರೆ ನಿದ್ದೆ ತರಿಸುತ್ತವೆ, ಆದ್ದರಿಂದ ಅಭ್ಯಾಸದ ದಿನವೇ ಪರೀಕ್ಷಿಸಿ ನೋಡಿ. ಒಳಗೆ ಮಲಗುವುದಕ್ಕಿಂತ ಹೊರಗೆ ಗಾಳಿಗೆ ಕೂತು ದಿಗಂತ ನೋಡುವುದು ಮೇಲು. ದೋಣಿಯಲ್ಲಿ ಕೂತೇ ಒಂದು ಪೂರ್ತಿ ದಿನ ಅಭ್ಯಾಸ ಮಾಡಿ. ನಾವು ಮೊದಲ ಸಲ ಅದನ್ನು ಮಾಡಿರಲಿಲ್ಲ.

ಸಸ್ಯಾಹಾರಿಗಳು ಏನು ತಿನ್ನಬೇಕು?

ಬಾಳೆಹಣ್ಣು, ಮೆತ್ತಗಿನ ಅನ್ನ, ಸಾದಾ ಉಪ್ಪಿಟ್ಟು, ಬಿಸ್ಕತ್ತು. ಬೆಲ್ಲ ಹಾಕಿದ ಶುಂಠಿ ಕಷಾಯ ನನ್ನ ಹೊಟ್ಟೆ ಕಾಪಾಡಿತು. ಖಾರ, ಎಣ್ಣೆ, ಹಾಲಿನದ್ದು ಬೇಡ. ಉಪ್ಪುನೀರಿನಿಂದ ನಾಲಿಗೆ ದಪ್ಪಗಾಗುತ್ತದೆ, ಮೇಲೆ ಬಂದ ಕೂಡಲೇ ಬಾಯಿ ಮುಕ್ಕಳಿಸಿ.

ಖರ್ಚೆಷ್ಟು? ಕೂಡಿಸಿದ ದುಡ್ಡಿನಿಂದಲೇ ದೋಣಿಗೆ ಕೊಡಬಹುದಾ?

ದೋಣಿ, ನೋಂದಣಿ, ಡೋವರ್‌ನಲ್ಲಿ ಉಳಿಯುವುದು ಎಲ್ಲ ಸೇರಿ ಕೆಲವು ಸಾವಿರ ಪೌಂಡ್ ಆಗುತ್ತದೆ. ಆರು ಜನ ಹಂಚಿಕೊಳ್ಳಬೇಕು.

ಕೆಲವು ಸಂಸ್ಥೆಗಳು ತಾವೇ ದೋಣಿ ಹಿಡಿದು ತಂಡ ಕಟ್ಟುತ್ತವೆ. ಇಷ್ಟು ದುಡ್ಡು ಕೂಡಿಸಿಕೊಟ್ಟರೆ ನಿಮಗೊಂದು ಜಾಗ ಅನ್ನುತ್ತವೆ. ಅಲ್ಲಿ ಒಂದು ಭಾಗ ದೋಣಿಗೆ ಹೋಗುತ್ತದೆ. ಇದು ಕಾನೂನಿಗೆ ವಿರುದ್ಧವಲ್ಲ. ಆದರೆ ದುಡ್ಡು ಕೊಡುವವರಿಗೆ ಅದು ಗೊತ್ತಿರಬೇಕು.

ನನ್ನ ಅಭಿಪ್ರಾಯ ಗಟ್ಟಿಯಾದದ್ದು: ದೋಣಿಯ ಖರ್ಚು ನಮ್ಮ ಜೇಬಿನದ್ದು. ಈಜುವ ಆಸೆ ನಮ್ಮದು. ಊರಿನಲ್ಲಿ ನನ್ನ ಅತ್ತೆ ತಮ್ಮ ಪಿಂಚಣಿಯಿಂದ 500 ರೂಪಾಯಿ ಕೊಟ್ಟಾಗ ಅವರ ಕಣ್ಣ ಮುಂದೆ ಇದ್ದದ್ದು ಹಾಸ್ಪೈಸ್‌ನ ಮಂಚದ ಮೇಲಿನ ರೋಗಿ. ಆ ದುಡ್ಡು ಅಲ್ಲಿಗೇ ಹೋಗಬೇಕು, ಅಲ್ವಾ? ನಾವು ಆರು ಜನ ಒಂದೂವರೆ ವರ್ಷ ತಿಂಗಳು ತಿಂಗಳು ಕೂಡಿಟ್ಟು ದೋಣಿಯ ಬಾಡಿಗೆ ಕಟ್ಟಿದೆವು. ‘ನೀವು ಕೊಡುವುದೆಲ್ಲ ಸಂಸ್ಥೆಗೇ’ ಎಂದು ಮೊದಲ ಸಾಲಿನಲ್ಲೇ ಬರೆದೆವು. ಹಾಗೆ ಬರೆಯಲು ಆಗದಿದ್ದರೆ, ಎಷ್ಟು ಪಾಲು ಎಲ್ಲಿಗೆ ಹೋಗುತ್ತದೆ ಎಂದಾದರೂ ಬರೆಯಿರಿ.

ದುಡ್ಡು ಕೇಳೋಕೆ ಸಂಕೋಚ. ಹೇಗೆ ಕೇಳಲಿ?

ಯಾಕೆ ಈಜುತ್ತಿದ್ದೀರಿ ಅನ್ನುವುದನ್ನು ನಿಮ್ಮ ಮಾತಿನಲ್ಲಿ ನಾಲ್ಕು ಸಾಲು ಬರೆದು, ಒಬ್ಬೊಬ್ಬರಿಗೇ ಕಳಿಸಿ. ದೊಡ್ಡ ಗುಂಪಿಗೆ ಒಂದೇ ಸಂದೇಶ ಹಾಕಿದರೆ ಯಾರಿಗೂ ತಟ್ಟುವುದಿಲ್ಲ. ನಾನು ಅಪ್ಪನ ವಿಷಯ ಕನ್ನಡದಲ್ಲೇ ಬರೆದೆ. ಉತ್ತರವಾಗಿ ಎಷ್ಟೋ ಜನ ತಮ್ಮ ಮನೆಯ ಕಥೆ ಬರೆದರು.

ಕೊಡದವರನ್ನು ಮತ್ತೆ ಮತ್ತೆ ಕೇಳಬೇಡಿ. ಕೊಟ್ಟವರ ಮೊತ್ತವನ್ನು ಇನ್ನೊಬ್ಬರ ಮುಂದೆ ಆಡಬೇಡಿ. ಡೇವಿಡ್ ವಾಲಿಯಮ್ಸ್ 2006ರಲ್ಲಿ ಚಾನೆಲ್ ಈಜಿ ಸ್ಪೋರ್ಟ್ ರಿಲೀಫ್ ಎಂಬ ಸಹಾಯಾರ್ಥ ಕಾರ್ಯಕ್ರಮಕ್ಕೆ ಹತ್ತು ಲಕ್ಷ ಪೌಂಡ್‌ಗೂ ಹೆಚ್ಚು ಕೂಡಿಸಿದರು. ಅವರು ಟಿವಿಯಲ್ಲಿ ಹೆಸರಾದವರು. ಅದಕ್ಕೆ ಹೋಲಿಸಿಕೊಂಡು ಬೇಜಾರಾಗಬೇಡಿ.

ಊರಿನ ಸಂಸ್ಥೆಗೆ ಇಲ್ಲಿಂದ ದುಡ್ಡು ಕಳಿಸಬಹುದಾ? ತೆರಿಗೆ?

ಇದನ್ನು ಮೊದಲೇ ವಿಚಾರಿಸಿಕೊಳ್ಳಿ, ಆಮೇಲೆ ಪರದಾಡಬೇಡಿ.

ಬ್ರಿಟನ್ನಿನಲ್ಲಿ ನೋಂದಾಯಿಸಿದ ಸಂಸ್ಥೆಗಾದರೆ ಸುಲಭ. ಜಸ್ಟ್‌ಗಿವಿಂಗ್‌ನಂಥ ತಾಣದಲ್ಲಿ ಒಂದು ಪುಟ ತೆರೆದರಾಯಿತು. ಕೊಡುವವರು ಅಲ್ಲಿ ತೆರಿಗೆ ಕಟ್ಟುವವರಾಗಿದ್ದು ಗಿಫ್ಟ್ ಏಡ್‌ಗೆ ಒಪ್ಪಿದರೆ, ಪ್ರತಿ ಪೌಂಡಿಗೆ ಸರ್ಕಾರದಿಂದ ಇನ್ನೂ 25 ಪೆನ್ಸ್ ಸಂಸ್ಥೆಗೆ ಸೇರುತ್ತದೆ. ಊರಿನಿಂದ ಕೊಡುವ ಅಣ್ಣ, ಚಿಕ್ಕಪ್ಪ ಪುಟದಲ್ಲಿರುವ ಗಿಫ್ಟ್ ಏಡ್ ಪೆಟ್ಟಿಗೆಗೆ ಟಿಕ್ ಹಾಕಬಾರದು.

ಭಾರತದ ಸಂಸ್ಥೆಗಾದರೆ ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾನೂನು ಬರುತ್ತದೆ. ವಿದೇಶಿ ಪಾಸ್‌ಪೋರ್ಟ್ ಇರುವವರ ಹಣ, ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಸಂಸ್ಥೆಗೆ ಅನುಮತಿ ಇರಬೇಕು, ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿರುವ ಅವರ ಗೊತ್ತಾದ ಖಾತೆಗೇ ಬರಬೇಕು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವುದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಎಲ್ಲರ ದುಡ್ಡನ್ನೂ ನಿಮ್ಮ ಖಾತೆಗೆ ಹಾಕಿಸಿಕೊಂಡು ನಿಮ್ಮ ಹೆಸರಿನಲ್ಲಿ ಕಳಿಸುವುದು ಬೇಡವೇ ಬೇಡ. ನಿಮ್ಮ ಉದ್ದೇಶ ಒಳ್ಳೆಯದಿದ್ದರೂ ಸಂಸ್ಥೆ ತೊಂದರೆಗೆ ಸಿಕ್ಕಬಹುದು. ಊರಿನವರು ನೇರವಾಗಿ ಸಂಸ್ಥೆಗೇ ಕೊಟ್ಟು ರಸೀದಿ ತೆಗೆದುಕೊಳ್ಳಲಿ. ನಾವು ಹಾಗೇ ಮಾಡಿದ್ದು.

ಅರ್ಧಕ್ಕೆ ನಿಂತರೆ ದುಡ್ಡು ವಾಪಸ್ ಕೊಡಬೇಕಾ?

ಏನಾಗುತ್ತದೆ ಅನ್ನುವುದನ್ನು ದುಡ್ಡು ಕೇಳುವಾಗಲೇ ಬರೆದುಬಿಡಿ. ‘ಹವಾಮಾನದಿಂದ ಹೊರಡಲಾಗದಿದ್ದರೂ, ದಡ ಮುಟ್ಟದಿದ್ದರೂ ನಿಮ್ಮ ದುಡ್ಡು ಸಂಸ್ಥೆಗೇ’ ಅನ್ನುವ ಒಂದು ಸಾಲು ಸಾಕು. ನಾವು ಮೊದಲ ಸಲ ಅದನ್ನು ಬರೆದಿರಲಿಲ್ಲ. ಈಜು ನಿಂತ ಮೂರನೇ ದಿನ ಕೂತು, ಕೊಟ್ಟವರೆಲ್ಲರಿಗೂ ನಡೆದದ್ದನ್ನು ತಿಳಿಸಿದೆ. ಬೇಕಾದವರು ಹೇಳಿ, ನಾನೇ ನನ್ನ ಕೈಯಿಂದ ಕೊಡುತ್ತೇನೆ ಎಂದೆ. ಒಬ್ಬರೂ ಕೇಳಲಿಲ್ಲ. ಇಬ್ಬರು ಇನ್ನಷ್ಟು ಕೊಟ್ಟರು.

ಮನೆಯಲ್ಲಿ ಒಪ್ಪಲ್ಲ. ಏನು ಮಾಡಲಿ?

ಅವರ ಭಯ ನಿಜವಾದದ್ದು. ಈ ಈಜಿನಲ್ಲಿ ಪ್ರಾಣ ಹೋದವರಿದ್ದಾರೆ, ಅದನ್ನು ಮುಚ್ಚಿಡಬೇಡಿ. ಅಭ್ಯಾಸಕ್ಕೆ ಒಂದು ದಿನ ಅವರನ್ನೂ ಕರೆದುಕೊಂಡು ಹೋಗಿ. ವೀಕ್ಷಕರು, ಪೈಲಟ್ ಇರುತ್ತಾರೆ, ಯಾವ ಕ್ಷಣದಲ್ಲಾದರೂ ನಿಲ್ಲಿಸುತ್ತಾರೆ ಎಂದು ತಿಳಿದರೆ ಸ್ವಲ್ಪ ಸಮಾಧಾನ. ನಮ್ಮ ಮೊದಲ ಪ್ರಯತ್ನ ನಿಂತ ಮೇಲೆಯೇ ನನ್ನ ಗಂಡನಿಗೆ ಧೈರ್ಯ ಬಂದದ್ದು. ನಿಲ್ಲಿಸಬೇಕಾದಾಗ ನಿಲ್ಲಿಸುತ್ತಾರೆ ಎಂದು ಅವರು ಕಣ್ಣಾರೆ ಕಂಡರು.

ಇಷ್ಟು ದೊಡ್ಡದು ಬೇಡ. ಸಣ್ಣದು ಇದೆಯಾ?

ಬೇಕಾದಷ್ಟಿವೆ. ಇಂಗ್ಲೆಂಡಿನ ವಿಂಡರ್‌ಮಿಯರ್ ಕೆರೆಯಲ್ಲಿ ಜೂನ್‌ನಲ್ಲಿ ನಡೆಯುವ ಗ್ರೇಟ್ ನಾರ್ತ್ ಸ್ವಿಮ್‌ನಲ್ಲಿ ಅರ್ಧ ಮೈಲಿಯಂಥ ಸಣ್ಣ ದೂರಗಳೂ ಇವೆ, ದಾರಿಯುದ್ದಕ್ಕೂ ಕಯಾಕ್‌ನಲ್ಲಿ ಕಾವಲಿನವರು ಇರುತ್ತಾರೆ. ತಣ್ಣೀರೇ ಬೇಡ ಅಂದರೆ, ಬೆನ್ನುಹುರಿಗೆ ಪೆಟ್ಟಾದವರಿಗೆ ನೆರವಾಗುವ ಆಸ್ಪೈರ್ ಸಂಸ್ಥೆಯ ಚಾನೆಲ್ ಸ್ವಿಮ್ ಇದೆ. ನಿಮ್ಮ ಮನೆ ಹತ್ತಿರದ ಈಜುಕೊಳದಲ್ಲೇ 12 ವಾರದಲ್ಲಿ 22 ಮೈಲಿ ಈಜಿ ಮುಗಿಸಬೇಕು. ಅಲ್ಲಿ ಕೂಡುವ ದುಡ್ಡಿಗೂ ಅಷ್ಟೇ ಬೆಲೆ.

ಫ್ರಾನ್ಸ್ ಮುಟ್ಟಿದಾಗ ಏನಾಗುತ್ತೆ?

ಪಾಸ್‌ಪೋರ್ಟ್ ದೋಣಿಯಲ್ಲಿ ಇರಲೇಬೇಕು. ಆದರೆ ಕಾಗದದ ಕೆಲಸ ಏನೂ ಅಲ್ಲಿ ನಡೆಯುವುದಿಲ್ಲ. ಆಗ ಸರದಿಯಲ್ಲಿರುವವರು ದಡ ಹತ್ತಿ ನೀರಿನಿಂದ ಪೂರ್ತಿ ಆಚೆ ನಿಲ್ಲುತ್ತಾರೆ. ದೋಣಿ ಭೋಂಕ್ ಅನ್ನಿಸುತ್ತದೆ. ಸ್ವಲ್ಪ ಹೊತ್ತಿಗೆ ಅವರು ಈಜಿ ದೋಣಿಗೆ ವಾಪಸ್. ಮತ್ತೆ ಮೂರು ಗಂಟೆ ಡೋವರ್‌ಗೆ.

ನಮಗೆ ಹಿಡಿದದ್ದು 14 ಗಂಟೆ 20 ನಿಮಿಷ. ನನ್ನ ಮೂರನೇ ಸರದಿ ಮುಗಿದು ಇಪ್ಪತ್ತು ನಿಮಿಷಕ್ಕೆ ನಮ್ಮ ಮೂರನೆಯವಳು ದಡ ಹತ್ತಿದಳು. ಅವಳು ಈಜುಡುಗೆಯೊಳಗೆ ಆರು ಬೆಣಚುಕಲ್ಲು ಸಿಕ್ಕಿಸಿಕೊಂಡು ಬಂದು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಳು. ನನ್ನದನ್ನು ಮುಂದಿನ ಸಲ ಊರಿಗೆ ಹೋದಾಗ ತೋಟದ ಬಾವಿಕಟ್ಟೆಯ ಮೇಲೆ ಇಟ್ಟುಬಂದೆ.